ಪಿಟ್ಟಿ ದ್ವೀಪದಲ್ಲಿ ಇಳಿಯಲು ಏಕೆ ಬಿಡುವುದಿಲ್ಲ?

ಪ್ರಶ್ನೆ: ರಜೆಯಲ್ಲಿ ಲಕ್ಷದ್ವೀಪಕ್ಕೆ ಹೋಗುವವರಿದ್ದೇವೆ. ಕವರತ್ತಿಯ ಆಚೆಗಿರುವ ಪಿಟ್ಟಿಯಲ್ಲಿ ಕಡಲಹಕ್ಕಿಗಳ ಮೊಟ್ಟೆ-ಮರಿಗಳನ್ನು ಹತ್ತಿರದಿಂದ ನೋಡುವ ಆಸೆಯಿದೆ. ಆದರೆ ಅಲ್ಲಿ ಇಳಿಯುವಂತಿಲ್ಲವಂತೆ. ಮರವೊಂದೂ ಇಲ್ಲದ ಮರಳುದಿಬ್ಬಕ್ಕೆ ಇಷ್ಟು ಕಟ್ಟುನಿಟ್ಟು ಏಕೆ? ಕಡಲಾಮೆಗಳನ್ನಾದರೂ ನೋಡಬಹುದೇ?
– ಓದುಗರೊಬ್ಬರು, ಕುಂಬಳೆ

ಉತ್ತರ: ಮರವಿಲ್ಲದಿರುವುದೇ ಕಟ್ಟುನಿಟ್ಟಿಗೆ ಮುಖ್ಯ ಕಾರಣ. ಕವರತ್ತಿಯಿಂದ ವಾಯವ್ಯಕ್ಕೆ ಸುಮಾರು 24 ಕಿಲೋಮೀಟರ್ ದೂರದಲ್ಲಿರುವ ಪಿಟ್ಟಿಯು ಮರಳು ಮತ್ತು ಹವಳದ ಚೂರುಗಳಿಂದಾದ, ಮೂರು ಎಕರೆಯಷ್ಟೇ ವಿಸ್ತಾರದ ನಿರ್ಜನ ದ್ವೀಪ. ನಮ್ಮೂರಿನ ಒಂದು ಸಾಧಾರಣ ಅಡಿಕೆ ತೋಟಕ್ಕಿಂತ ದೊಡ್ಡದೇನಲ್ಲ. ಅಲ್ಲಿ ಮರಿ ಮಾಡುವ ಹಕ್ಕಿಗಳಲ್ಲಿ ಸೂಟಿ ಟರ್ನ್ ಎಂಬ ಕಪ್ಪು ಬೆನ್ನಿನ ರೀವ ಮುಖ್ಯವಾದುದು. ಅದು ಗೂಡು ಕಟ್ಟುವುದಿಲ್ಲ. ಬರಿಯ ನೆಲದ ಮೇಲೆ ಚುಕ್ಕೆಗಳಿರುವ ಒಂದೇ ಒಂದು ಮೊಟ್ಟೆಯಿಡುತ್ತದೆ. ಕಾವು ಕೊಡುವುದೆಂದರೆ ಬೆಚ್ಚಗಿಡುವುದು ಎಂದು ನಾವು ತಿಳಿದಿರುತ್ತೇವೆ. ಆದರೆ ನಡುಹಗಲಿನಲ್ಲಿ ಈ ಹಕ್ಕಿ ಮೊಟ್ಟೆಯ ಮೇಲೆ ನಿಂತು ತನ್ನ ಮೈಯನ್ನೇ ನೆರಳಾಗಿಸಿ ಅದನ್ನು ಬಿಸಿಲಿನಿಂದ ಕಾಯುತ್ತದೆ. ದೋಣಿ ದಡಕ್ಕೆ ತಾಗಿದೊಡನೆ ಇಡೀ ಹಿಂಡು ಕಿರುಚುತ್ತ ಮೇಲೇಳುತ್ತದೆ. ಬಂದವರು ಫೋಟೊ ತೆಗೆದುಕೊಂಡು ಹೊರಡುವಷ್ಟರಲ್ಲಿ ಕಾದ ಮರಳಿನ ಮೇಲಿನ ಭ್ರೂಣಗಳೂ ಎಳೆಮರಿಗಳೂ ಸಾಯಬಹುದು. ಮರಳಿನ ಬಣ್ಣದಲ್ಲೇ ಬೆರೆತ ಮೊಟ್ಟೆಗಳು ಕಾಲಡಿಗೆ ಸಿಗುವುದೂ ಉಂಟು. ಮೊದಲ ಮೊಟ್ಟೆಯಿಡಲು ಹಲವು ವರ್ಷ ಬೆಳೆಯಬೇಕಾದ ಈ ಹಕ್ಕಿಗೆ ಅಂಥ ನಷ್ಟವನ್ನು ಬೇಗನೆ ತುಂಬಿಕೊಳ್ಳಲಾಗದು. ಟ್ಯೂನಾ ಹಿಡಿಯುವ ದ್ವೀಪವಾಸಿಗಳು ಮೀನಿನ ಗುಂಪನ್ನು ಗುರುತಿಸುವುದು ನೀರಿನ ಮೇಲೆ ಮುತ್ತುವ ಇಂಥ ಹಕ್ಕಿಗಳ ಹಿಂಡನ್ನು ನೋಡಿಯೇ ಆದ್ದರಿಂದ, ಈ ವಿಚಾರ ಹಕ್ಕಿಪ್ರಿಯರದು ಮಾತ್ರವಲ್ಲ.

ಕಡಲಾಮೆಗಳಿಗಾಗಿ ಪಿಟ್ಟಿಯವರೆಗೆ ಹೋಗಬೇಕಾಗಿಯೇ ಇಲ್ಲ. ಅಗತ್ತಿಯ ತಿಳಿನೀರಿನಲ್ಲಿ ಕಡಲಹುಲ್ಲು ಮೇಯುವ ಹಸಿರು ಆಮೆಗಳನ್ನು ದೋಣಿಯಿಂದಲೇ ಕಾಣಬಹುದು. ನಮ್ಮ ಕಾಸರಗೋಡಿನ ಕರಾವಳಿಗೂ, ನೀಲೇಶ್ವರದ ತೈಕಡಪ್ಪುರದಂಥ ಕಡೆಗಳಿಗೆ, ಆಲಿವ್ ರಿಡ್ಲಿ ಆಮೆಗಳು ಬಂದು ಒಂದು ಗುಂಡಿಯಲ್ಲಿ ನೂರರ ಆಸುಪಾಸು ಮೊಟ್ಟೆಯಿಡುತ್ತವೆ. 45ರಿಂದ 60 ದಿನಗಳಲ್ಲಿ ಹೊರಬರುವ ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಬಿಸಿಯೇ ನಿರ್ಧರಿಸುತ್ತದೆ. ಬಿಸಿ ಹೆಚ್ಚಿದಷ್ಟೂ ಹೆಣ್ಣುಗಳು ಹೆಚ್ಚು. ಅಂಥ ಗುಂಡಿ ಕಣ್ಣಿಗೆ ಬಿದ್ದರೆ ಟಾರ್ಚ್ ಆರಿಸಿ ಅರಣ್ಯ ಇಲಾಖೆಗೆ ತಿಳಿಸಿ. ಮೊಟ್ಟೆಯನ್ನು ಮಾತ್ರ ಎತ್ತಿ ನೋಡಬೇಡಿ: ಇಟ್ಟ ಕೆಲವು ಗಂಟೆಗಳಲ್ಲೇ ಭ್ರೂಣವು ಚಿಪ್ಪಿನ ಒಳಮೈಗೆ ಅಂಟಿಕೊಳ್ಳುವುದರಿಂದ, ಆಮೇಲೆ ಮೊಟ್ಟೆ ಹೊರಳಿದರೆ ಅದು ಒಳಗೇ ಸಾಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಆ ಮೊಟ್ಟೆಗಳನ್ನು ಒಯ್ಯುವುದು ಅಪರಾಧವೂ ಹೌದು.