ಪಾಷಾಣ ಇಡಬೇಡಿ, ಅದು ಇಲಿ ಅಲ್ಲದಿರಬಹುದು

ಮೆಲ್ಬರ್ನ್ ಪಕ್ಕದ ಡ್ಯಾಂಡೆನಾಂಗ್ ಬೆಟ್ಟದ ಮನೆಯಲ್ಲಿ ರಾತ್ರಿ ಚೂಪು ಮೂತಿಯ ಇಲಿ ಓಡಾಡುತ್ತೆ, ಪಾಷಾಣ ಇಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅದು ಆಂಟಿಕೈನಸ್ ಇರಬಹುದು. ಕಾಂಗರೂ ಥರ ಮರಿಗಳನ್ನು ಹೊಟ್ಟೆಗೆ ಕಚ್ಚಿಸಿಕೊಂಡು ಬೆಳೆಸುವ ಪ್ರಾಣಿ ಅದು, ಅಲ್ಲಿ ಕಾನೂನಿನ ರಕ್ಷಣೆಯೂ ಇದೆ.

ಗುರುತು ಹಿಡಿಯೋದಕ್ಕೆ ಬಾಯಿ ನೋಡಿ. ಇಲಿಗೆ ಮುಂದೆ ಉಳಿಯಂಥ ಒಂದು ಜೊತೆ ಹಲ್ಲು, ಆಮೇಲೆ ಖಾಲಿ ಜಾಗ. ಇದಕ್ಕೆ ಸಾಲಾಗಿ ಸಣ್ಣ ಚೂಪು ಹಲ್ಲುಗಳು. ಕಿವಿ ತೆಳು, ಅಂಚಿನಲ್ಲಿ ಕಚ್ಚು. ಮುಂಗಾಲಲ್ಲಿ 5 ಬೆರಳು, ಇಲಿಗೆ 4. ಹಿಕ್ಕೆ ಮುರಿದರೆ ಜೀರುಂಡೆಯ ರೆಕ್ಕೆ ಚೂರುಗಳು ಮಿನುಗುತ್ತವೆ, ವಾಸನೆಯೂ ಜೋರು. ಜೇಡ, ಜಿರಲೆ ತಿನ್ನುವ ಜೀವ, ನಿಮಗೆ ಉಪಕಾರಿಯೇ.

ಚಳಿಗಾಲದಲ್ಲಿ ಎರಡು ಮೂರು ವಾರ ಕೂಡುವ ಕಾಲ. ಅದು ಮುಗಿಯುತ್ತಲೇ ಒಂದು ವರ್ಷವೂ ತುಂಬದ ಗಂಡುಗಳೆಲ್ಲ ಸಾಯುತ್ತವೆ: ಒತ್ತಡದ ಹಾರ್ಮೋನು ಏರಿ ರೋಗನಿರೋಧಕ ಶಕ್ತಿ ಕುಸಿಯುತ್ತೆ. ಆಮೇಲೆ ಉಳಿಯೋದು ಬಸುರಿ ಹೆಣ್ಣುಗಳು ಮಾತ್ರ. ಆಗ ಒಂದನ್ನು ಕೊಂದರೆ ಇಡೀ ಸಂಸಾರವೇ ಹೋದ ಹಾಗೆ.

ಸಂದುಗಳನ್ನು ಸಣ್ಣ ಕಣ್ಣಿನ ತಂತಿ ಜಾಲರಿಯಿಂದ ಮುಚ್ಚಿ, ಆದರೆ ಬೇಸಿಗೆ ಕೊನೆಗೆ, ಮರಿಗಳು ಗೂಡು ಬಿಟ್ಟ ಮೇಲೆ. ಮೊದಲೇ ಮುಚ್ಚಿದರೆ ಮರಿ ಒಳಗೆ ಸಾಯುತ್ತವೆ, ತಾಯಿ ಹೊರಗೆ ಪರದಾಡುತ್ತೆ. ಅಲ್ಲಿಯವರೆಗೆ ಹೊರಗೆ ಮರದ ಮೇಲೆ ಕಿರಿದಾದ ಬಾಯಿಯ ಗೂಡುಪೆಟ್ಟಿಗೆ ಕಟ್ಟಿ, ಬೆಕ್ಕನ್ನು ರಾತ್ರಿ ಒಳಗೇ ಇರಿಸಿ.