ಹಸಿವು, ಟಾಯ್ಲೆಟ್ ಅರ್ಜೆಂಟು ಗೊತ್ತಾಗಲ್ಲ ಅನ್ನೋ ಆಟಿಸಂ ಹುಡುಗ ಬೇಕಂತಲೇ ಹಂಗ್ ಮಾಡ್ತಾನಾ?

ಮಗನಿಗೆ ಆಟಿಸಂ ಇದೆ, ಎಷ್ಟೊತ್ತಾದ್ರೂ ಊಟ ಕೇಳಲ್ಲ, ಟಾಯ್ಲೆಟ್‌ಗೆ ಕೊನೇ ಗಳಿಗೇಲಿ ಓಡ್ತಾನೆ, ಮನೇಲೆಲ್ಲ ಹಠ ಅಂತಾರೆ ಅಂತ ಬರ್ದಿದೀರ. ಹಠ ಅಲ್ಲ ಅನ್ಸುತ್ತೆ ಅಕ್ಕಾ. ನಾವು ಹಾಸನದವ್ರು, ನನ್ನ ತಮ್ಮನಿಗೂ ಆಟಿಸಂ, ಅವನಿಗೋಸ್ಕರಾನೇ ಇದನ್ನೆಲ್ಲ ಓದ್ಕೊಂಡೆ.

ಹೃದಯ, ಹೊಟ್ಟೆ, ಮೂತ್ರಕೋಶ ಎಲ್ಲ ಮೆದುಳಿಗೆ ಸುದ್ದಿ ಕಳಿಸ್ತಾನೇ ಇರುತ್ವೆ, ಹೃದಯ, ಹೊಟ್ಟೆಯನ್ನ ಮೆದುಳಿಗೆ ಜೋಡಿಸೋ ವೇಗಸ್ ಅನ್ನೋ ನರದಲ್ಲಿ ಸುಮಾರು 80% ಎಳೆಗಳು ದೇಹದಿಂದ ಮೆದುಳಿನ ಕಡೆಗೇ ಹೋಗೋವು. ಬಂದ ಸುದ್ದೀನ ಇದು ಹಸಿವು, ಇದು ಭಯ ಅಂತ ಗುರುತು ಹಿಡಿಯೋದ್ರಲ್ಲಿ ಇನ್ಸುಲಾ ಅನ್ನೋ ಭಾಗದ ಪಾತ್ರ ದೊಡ್ಡದು. ಇದಕ್ಕೆ ಇಂಟರೊಸೆಪ್ಷನ್ ಅಂತಾರೆ.

2016ರಲ್ಲಿ ಇಂಗ್ಲೆಂಡಿನ ಸಾರಾ ಗಾರ್ಫಿಂಕಲ್ ಅವರ ಟೀಮು ಆಟಿಸಂ ಇರೋ 20 ಜನ, ಇಲ್ದಿರೋ 20 ಜನ ದೊಡ್ಡವರನ್ನ ಕೂರಿಸಿ ನಾಡಿ ಮುಟ್ಟದೆ ಎದೆಬಡಿತ ಎಣಿಸಿ ಅಂದ್ರು. ಆಟಿಸಂ ಇರೋರ ಲೆಕ್ಕ ಜಾಸ್ತಿ ತಪ್ತು, ಆದ್ರೆ ದೇಹದೊಳಗೆ ಆಗೋದು ನಿಮಗೆ ಎಷ್ಟು ಗೊತ್ತಾಗುತ್ತೆ ಅಂತ ಕೇಳಿದ್ರೆ ಜಾಸ್ತಿ ಅಂದಿದ್ದೂ ಅವರೇ, ಮತ್ತೆ ಈ ಎರಡರ ಮಧ್ಯೆ ಅಂತರ ದೊಡ್ಡದಿದ್ದಷ್ಟೂ ಆತಂಕ ಜಾಸ್ತಿ ಇತ್ತು. ನನಗೆ ಮುಖ್ಯ ಅನ್ಸಿದ್ದು ಇದೇ, ಸುದ್ದಿ ಬರ್ತಾ ಇದೆ ಅಂತ ಅವರಿಗೆ ಅನ್ಸುತ್ತೆ, ಆದ್ರೆ ಏನಂತ ಸರಿಯಾಗಿ ತಿಳಿಯಲ್ಲ. 2021ರಲ್ಲಿ ಆಟಿಸಂ ಇರೋ 121 ಜನರ ಮೇಲೆ ಟ್ರಯಲ್ ಮಾಡಿದ್ರು, ಎದೆಬಡಿತ ಗುರುತಿಸೋ ಟ್ರೈನಿಂಗ್ ತಗೊಂಡವರಲ್ಲಿ 3 ತಿಂಗಳಾದ್ಮೇಲೆ 31% ಜನ ಆತಂಕದ ಕಾಯಿಲೆಯಿಂದ ಹೊರಗೆ ಬಂದಿದ್ರು, ಬೇರೆ ಟ್ರೈನಿಂಗ್ ತಗೊಂಡವರಲ್ಲಿ 16%. ಅವರೆಲ್ಲ ದೊಡ್ಡವರು, ಮಕ್ಕಳಿಗೂ ಹಂಗೇ ಆಗುತ್ತೆ ಅಂತ ಹೇಳೋಕಾಗಲ್ಲ. ಆಟಿಸಂ ಇರೋರೆಲ್ಲರಿಗೂ ಈ ತೊಂದ್ರೆ ಇರಲ್ಲ, ತನ್ನ ಭಾವನೆ ತನಗೇ ಗುರುತಾಗದೆ ಇರೋದು, ಅಂದ್ರೆ ಅಲೆಕ್ಸಿಥೈಮಿಯಾ, ಜೊತೆಗಿದ್ದೋರಲ್ಲೇ ಇದು ಜಾಸ್ತಿ ಅಂತ ವಾದ ಮಾಡೋ ಸಂಶೋಧಕರೂ ಇದಾರೆ.

ನನ್ನ ತಮ್ಮ ಹನ್ನೊಂದು ಗಂಟೆ ಹೊತ್ತಿಗೆ ಶರ್ಟ್ ಕಾಲರ್ ಎಳ್ಕೊಂಡು ಮನೆಯ ಹಾಲ್‌ನಲ್ಲಿ ಆ ಕಡೆ ಈ ಕಡೆ ಓಡಾಡೋಕೆ ಶುರು ಮಾಡ್ತಾನೆ, ಹಸಿವಾ ಅಂದ್ರೆ ಇಲ್ಲ ಅಂತ ರೇಗ್ತಾನೆ, ಮುಂದೆ ಅಕ್ಕಿ ರೊಟ್ಟಿ ಇಟ್ರೆ ಎರಡು ಖಾಲಿ. ಅದಕ್ಕೆ ಅಮ್ಮ ಈಗ ಕೇಳೋದೇ ಇಲ್ಲ, ಗಡಿಯಾರ ನೋಡಿ ತಟ್ಟೆ ಇಡ್ತಾರೆ. ಟಾಯ್ಲೆಟ್‌ಗೂ ಹಂಗೇ ಟೈಮ್ ಇಟ್ಕೊಳ್ಳಿ, ಬರ್ತಿದ್ಯಾ ಅಂತ ಕೇಳೋ ಬದ್ಲು ಕಿಬ್ಬೊಟ್ಟೆ ಬಿಗಿಯಾಗಿದ್ಯಾ ಅಂತ ಜಾಗ ತೋರಿಸಿ ಕೇಳಿ. ಮಲಬದ್ಧತೆ ಇದ್ರೂ ಮೂತ್ರದ್ದು ಏರುಪೇರಾಗುತ್ತೆ, ಅದನ್ನ ಮಕ್ಕಳ ಡಾಕ್ಟರ್ ಹತ್ರ ಮೊದಲು ತೋರಿಸಿಬಿಡಿ.