ಚರ್ಚಿನ ವರಾಂಡಕ್ಕೆ ಗ್ರಿಲ್ ಹಾಕಿಸಬೇಕೆ?

ಓದುಗರ ಪ್ರಶ್ನೆಗಳಿಗೆ ನಿವೃತ್ತ ಸಭಾಪಾಲಕರೊಬ್ಬರ ಉತ್ತರ

ಪ್ರಶ್ನೆ: ಹುಬ್ಬಳ್ಳಿಯ ಕೇಶ್ವಾಪುರ ಕಡೆಯ ಕ್ರೈಸ್ತ ಸಭೆಯೊಂದರ ಸದಸ್ಯ ನಾನು. ಹೋದ ಮಳೆಗಾಲದಿಂದ ಒಬ್ಬ ಅಜ್ಜ ನಮ್ಮ ಚರ್ಚಿನ ವರಾಂಡದಲ್ಲಿ ಮಲಗುತ್ತಾರೆ. ಈಗ ಮತ್ತೆ ಮೂರ್ನಾಲ್ಕು ಮಂದಿ ಬಂದು ಸೇರಿದ್ದಾರೆ. ಗ್ರಿಲ್ ಹಾಕಿಸಿ ಕೀಲಿ ಹಾಕೋಣ ಎಂದು ಕಮಿಟಿಯಲ್ಲಿ ಮಾತು ಬಂತು. ‘ದುಡಿಯಲೊಲ್ಲದವ ಉಣ್ಣಬಾರದು ಅಂತ ಪೌಲನ ಹೇಳ್ಯಾನ’ ಎಂದರು ಒಬ್ಬ ಹಿರಿಯರು. ‘ಬಡವರು ಯಾವಾಗಲೂ ಇರತಾರ ಅಂತ ಯೇಸುಸ್ವಾಮಿನ ಹೇಳಿದ ಮ್ಯಾಲೆ ನಾವೇನ ಮಾಡೂದೈತಿ’ ಎಂದರು ಇನ್ನೊಬ್ಬರು. ನನಗೆ ಮನಸ್ಸು ಒಪ್ಪುತ್ತಿಲ್ಲ. ಆದರೆ ತಿರುಗಿ ಹೇಳಲು ಬೈಬಲಿನ ವಚನ ಗೊತ್ತಿಲ್ಲ.
– ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಬೇರೆ ವಚನ ಹುಡುಕುವುದು ಬೇಡ. ಅವರು ಹೇಳಿದ ಆ ಎರಡನ್ನೇ ಹಿಂದೆ ಮುಂದೆ ನಾಲ್ಕು ಸಾಲು ಸೇರಿಸಿ ಓದಿರಿ.

ಅಪೊಸ್ತಲ ಪೌಲ ಪತ್ರ ಬರೆದ ಥೆಸಲೋನಿಕ ಊರಿನ ಸಭೆಯಲ್ಲಿ ಕೆಲವರು ಕೆಲಸ ಬಿಟ್ಟು, ಕಂಡವರ ಉಸಾಬರಿ ಮಾಡುತ್ತ, ಸಭೆಯವರ ಅನ್ನ ಉಂಡುಕೊಂಡು ತಿರುಗುತ್ತಿದ್ದರು. ಪೌಲನ ಮಾತು (2 ಥೆಸಲೋನಿಕ 3:10) ಇವರಿಗೆ ಹೇಳಿದ್ದು, ಸಭೆಯ ಒಳಗಿನ ಗಟ್ಟಿಮುಟ್ಟಾದವರಿಗೆ. ಸ್ವತಃ ಗುಡಾರ ಹೊಲಿದು ಬದುಕಿದ ಮನುಷ್ಯನಿಗೆ ಹಾಗೆ ಹೇಳುವ ಅಧಿಕಾರವೂ ಇತ್ತು. ಮೂರೇ ವಚನ ದಾಟಿದರೆ, ಒಳ್ಳೆಯದನ್ನು ಮಾಡಲು ಬೇಸರಪಡಬೇಡಿರಿ ಎಂದು ಅದೇ ಪೌಲ ಬರೆಯುತ್ತಾನೆ. ಜೆರುಸಲೇಮಿನ ಬಡವರಿಗಾಗಿ ಊರೂರು ತಿರುಗಿ ಹಣ ಕೂಡಿಸಿದವನೂ ಅವನೇ. ಇನ್ನು, ದುಡಿಯಲೊಲ್ಲದವರು ಬೇರೆ, ಕೆಲಸ ಸಿಗದವರು ಬೇರೆ. ಮತ್ತಾಯ 20ರಲ್ಲಿ ಯೇಸು ಹೇಳುವ ಕಥೆಯಲ್ಲಿ ಸಂಜೆ ಐದರವರೆಗೆ ಪೇಟೆಯಲ್ಲಿ ನಿಂತವರು ‘ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ’ ಎನ್ನುತ್ತಾರಲ್ಲ, ಅಂಥವರನ್ನು ಹುಬ್ಬಳ್ಳಿಯ ಸರ್ಕಲ್ಲುಗಳಲ್ಲಿ ಬುತ್ತಿ ಹಿಡಿದು ನಿಂತದ್ದು ನೀವು ದಿನಾ ನೋಡುತ್ತೀರಿ. ತೋಟದ ಯಜಮಾನ ಅವರಿಗೂ ಪೂರ್ತಿ ದಿನದ ಕೂಲಿಯನ್ನೇ ಕೊಟ್ಟ.

ಎರಡನೆಯದು ಮೂಲದಲ್ಲಿ ಯೇಸುವಿಗಿಂತ ಎಷ್ಟೋ ಹಿಂದಿನ ಮೋಶೆಯ ಮಾತು. ‘ಬಡವರು ದೇಶದಲ್ಲಿ ಇದ್ದೇ ಇರುತ್ತಾರೆ, ಆದ್ದರಿಂದ ಕೈಬಿಚ್ಚಿ ಕೊಡು’ ಎಂಬುದು ಧರ್ಮೋಪದೇಶಕಾಂಡ 15:11ರ ತಾತ್ಪರ್ಯ. ಯೇಸು ಇದರ ಮೊದಲರ್ಧ ಎತ್ತಿಕೊಂಡು, ‘ಬೇಕೆಂದಾಗ ನೀವು ಅವರಿಗೆ ಒಳ್ಳೆಯದು ಮಾಡಬಹುದು’ ಎಂದು ಸೇರಿಸಿದ (ಮಾರ್ಕ 14:7). ಆ ‘ಆದ್ದರಿಂದ’ ಬಿಟ್ಟು ಓದಿದರೆ ಆಜ್ಞೆ ಹೋಗಿ ನೆಪ ಉಳಿಯುತ್ತದೆ.

ಇಷ್ಟು ಕಮಿಟಿಗೆ. ನಿಮಗೆ ಹೇಳಬೇಕಾದದ್ದು ಬೇರೆ ಇದೆ. ನಾವು ಬಡವರಿಗೆ ಕೊಡುವುದನ್ನು ದಾನ ಅಂದುಕೊಂಡಿದ್ದೇವೆ; ಮೋಶೆಯ ಕಟ್ಟಳೆ ಅದನ್ನು ಅವರ ಪಾಲು ಎನ್ನುತ್ತದೆ. ಹೊಲದ ಅಂಚಿನ ಪೈರು ಕೊಯ್ಯಬೇಡ, ಕೊಯ್ದ ಮೇಲೆ ಉಳಿದ ಹಕ್ಕಲು ಆರಿಸಬೇಡ, ಅದು ಬಡವರಿಗೂ ಪರದೇಶಿಗಳಿಗೂ ಬಿಟ್ಟದ್ದು (ಯಾಜಕಕಾಂಡ 19:9-10). ಗದಗ, ಹಾವೇರಿ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶೇಂಗಾ ಕಿತ್ತ ಹೊಲಕ್ಕೆ ಬುಟ್ಟಿ ಹಿಡಿದು ಹಕ್ಕಲಿಗೆ ಹೋದ ಅವ್ವಂದಿರ ಮಕ್ಕಳು ನಮ್ಮ ಸಭೆಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬೈಬಲಿನ ರೂತಳು ಹೋದದ್ದೂ ಹಕ್ಕಲಿಗೇ. ಅನ್ಯದೇಶದವಳು, ಗಂಡ ಸತ್ತವಳು. ಹೊಲದ ಒಡೆಯ ಬೋವಜ ಆಕೆಯನ್ನು ಕರೆದು ಚೀಲ ತುಂಬಿ ಕಳಿಸಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಸಿವುಡಿನಿಂದ ಬೇಕೆಂದೇ ತೆನೆ ಉದುರಿಸಿರಿ, ಆಕೆಯನ್ನು ಗದರಿಸಬೇಡಿರಿ ಎಂದು ಆಳುಗಳಿಗೆ ಹೇಳಿದ. ಸಂಜೆಗೆ ಬಡಿದು ನೋಡಿದರೆ ಏಫಾ ಎಂಬ ಅಳತೆ ತುಂಬ ಜವೆಗೋದಿ. ಕೊಟ್ಟವನ ಕೈ ಕಾಣಲಿಲ್ಲ, ತೆಗೆದುಕೊಂಡವಳ ತಲೆ ತಗ್ಗಲಿಲ್ಲ. ಕ್ರಿಸ್ಮಸ್ಸಿಗೆ ಕಂಬಳಿ ಹಂಚಿ ಫೋಟೊ ಹಾಕುವ ನಮ್ಮ ಸಂಘಗಳಿಗೆ ಈ ಅಧ್ಯಾಯ ಒಮ್ಮೆ ಗಟ್ಟಿಯಾಗಿ ಓದಿ ಹೇಳಬೇಕು.

ನಮ್ಮ ಸಭೆಗಳ ಚರಿತ್ರೆಯನ್ನೂ ಕಮಿಟಿಗೆ ನೆನಪಿಸಿರಿ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂತು. ದೀಕ್ಷಾಸ್ನಾನ ಪಡೆದವರಲ್ಲಿ ಎಷ್ಟೋ ಮಂದಿ ಮನೆ, ಆಸ್ತಿ, ಕಸುಬು ಮೂರನ್ನೂ ಕಳೆದುಕೊಂಡರು. ಅವರಿಗೆ ಸೂರು ಮತ್ತು ದುಡಿಮೆ ಒದಗಿಸುವ ತಲೆನೋವಿನಿಂದಲೇ ಮಿಶನ್ ನೇಯ್ಗೆಗೆ, ಆಮೇಲೆ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಗೆ (1865) ಕೈಹಾಕಿದ್ದು. ಗ್ರಿಲ್ ಹಾಕಿಸಲು ಹೊರಟವರ ಅಜ್ಜಂದಿರ ಅಜ್ಜಂದಿರೂ ಒಂದು ಕಾಲಕ್ಕೆ ಯಾರದೋ ವರಾಂಡದಲ್ಲಿ ಮಲಗಿದವರೇ ಇರಬಹುದು.

ಹಾಗಂತ ಕಮಿಟಿಯ ಅಂಜಿಕೆ ಸುಳ್ಳಲ್ಲ. ಸಂಜೆ ಹೆಣ್ಣುಮಕ್ಕಳ ಕೂಟ ಇರುತ್ತದೆ, ಶೌಚಕ್ಕೆ ಜಾಗವಿಲ್ಲ, ಕುಡಿದು ಬಂದವರು ಗದ್ದಲ ಮಾಡುತ್ತಾರೆ. ಗ್ರಿಲ್ಲಿನ ದುಡ್ಡಿನಲ್ಲಿ ಒಂದು ಶೌಚಾಲಯ, ಒಂದು ದೀಪ ಮಾಡಿಸಿರಿ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಅಂತ ಹೊತ್ತು ಗೊತ್ತುಮಾಡಿ, ಕುಡಿದು ಬಂದವರಿಗೆ ಜಾಗವಿಲ್ಲ ಎಂದು ಖಡಾಖಂಡಿತ ಹೇಳಿರಿ. ಇದು ಕ್ರೂರತನವಲ್ಲ.

ಆದರೆ ವರಾಂಡ ಮನೆಯಲ್ಲ. ಮೊದಲು ಅಜ್ಜನ ಪಕ್ಕದಲ್ಲಿ ಕುಳಿತು, ‘ಯಜ್ಜಾ, ಊರ ಯಾವುದರಿ, ಮನ್ಯಾಗ ಯಾರ ಅದಾರ್ರೀ’ ಎಂದು ಕೇಳಿರಿ. ನಿಮ್ಮ ಪತ್ರದಲ್ಲಿ ಅವರ ಹೆಸರೇ ಇಲ್ಲ. ದೊಡ್ಡಾಸ್ಪತ್ರೆಗೆ ಬಂದು ಇಲ್ಲೇ ಉಳಿದವರಿರಬಹುದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ರೋಣ, ನರಗುಂದ ಕಡೆ ಬಿದ್ದ ಮಣ್ಣಿನ ಮನೆಗಳಲ್ಲಿ ಒಂದು ಅವರದೇ ಇರಬಹುದು. ಮಕ್ಕಳೇ ಹೊರಗೆ ಹಾಕಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಅರವತ್ತೈದು ದಾಟಿದ್ದರೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. ನಾಡಕಚೇರಿಗೆ ಅವರ ಜೊತೆ ಒಬ್ಬರು ಹೋಗಬೇಕು, ಒಬ್ಬರೇ ಹೋದರೆ ಕೆಲಸ ಆಗುವುದು ಕಷ್ಟ. ಹಿರಿಯರ ಸಹಾಯವಾಣಿ 14567. ಲಕ್ಷ ಜನಸಂಖ್ಯೆಗೆ ಒಂದು ರಾತ್ರಿ ವಸತಿ ಇರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ. 2011ರ ಜನಗಣತಿಯಲ್ಲೇ ಹುಬ್ಬಳ್ಳಿ-ಧಾರವಾಡದ ಲೆಕ್ಕ ಒಂಬತ್ತು ಲಕ್ಷ ದಾಟಿತ್ತು. ಒಂಬತ್ತು ವಸತಿ ಎಲ್ಲೆಲ್ಲಿವೆ ಎಂದು ಕಮಿಟಿಯ ಲೆಟರ್‌ಹೆಡ್ಡಿನಲ್ಲಿ ಪಾಲಿಕೆಗೆ ಬರೆದು ಕೇಳಿರಿ. ಬಡವರ ಪರವಾಗಿ ಬಾಯಿ ತೆರೆ ಎಂದು ಜ್ಞಾನೋಕ್ತಿ 31:9 ಹೇಳುವುದರಲ್ಲಿ ಇಂಥ ಅರ್ಜಿಯೂ ಸೇರಿತು.

ಪ್ರಶ್ನೆ: ಬಸ್ ಸ್ಟ್ಯಾಂಡಿನಲ್ಲಿ ಕೈಚಾಚಿದವರಿಗೆ ರೊಕ್ಕ ಕೊಟ್ಟರೆ ಕುಡಿತಕ್ಕೆ ಹೋಗುತ್ತದೆ. ಕೊಡದಿದ್ದರೆ ಪಾಪವೇ?
– ಓದುಗರು, ಹಾವೇರಿ

ಉತ್ತರ: ರೊಕ್ಕವನ್ನೇ ಕೊಡಬೇಕೆಂದು ಎಲ್ಲಿಯೂ ಇಲ್ಲ. ಯಾಕೋಬ 2:15-16 ಬಟ್ಟೆ ಮತ್ತು ಅನ್ನದ ಮಾತಾಡುತ್ತದೆ. ಖಾನಾವಳಿಗೆ ಕರೆದುಕೊಂಡು ಹೋಗಿ ಎರಡು ರೊಟ್ಟಿ ಕೊಡಿಸಿರಿ, ಪುರಸೊತ್ತಿದ್ದರೆ ಎದುರಿಗೆ ಕುಳಿತು ನೀವೂ ಉಣ್ಣಿರಿ. ಕೂಸನ್ನು ಕಂಕುಳಲ್ಲಿಟ್ಟು ಬೇಡುವವರನ್ನು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿರಿ. ನಮ್ಮ ರಾಜ್ಯದಲ್ಲಿ 1975ರ ಕಾಯ್ದೆಯಂತೆ ಭಿಕ್ಷೆ ಬೇಡುವುದು ನಿಷಿದ್ಧ; ಬೇಡುವವರ ಪುನರ್ವಸತಿಗೆಂದು ಆಸ್ತಿ ತೆರಿಗೆಯ ಮೇಲೆ ಶೇ 3ರ ಕರವೂ ಇದೆ. ನಿಮ್ಮ ಮನೆಯ ತೆರಿಗೆ ರಸೀದಿ ತೆಗೆದು ನೋಡಿರಿ. ಆ ಬಾಬಿನ ಹಣ ಯಾರಿಗೆ ಮುಟ್ಟಿತು ಎಂದು ನಗರಸಭೆಯಲ್ಲಿ ಕೇಳಬಹುದು.